ದೇವೇಂದ್ರಪ್ಪನವರು ಚೀಲದ ತಳ ನೋಡಿದ್ದು

ಗಂಗಾವತಿಯ ಅಕ್ಕಿ ದಲ್ಲಾಳಿ ದೇವೇಂದ್ರಪ್ಪನವರು ನಲವತ್ತು ವರ್ಷದಲ್ಲಿ ಒಮ್ಮೆಯೂ ಚೀಲದ ಬಾಯಿ ನೋಡಿ ಅಕ್ಕಿ ಕೊಂಡವರಲ್ಲ. ಮಾದರಿ ಕಾಳು ತೆಗೆಯುವ ಸಲಾಕೆಯನ್ನು ತಳಕ್ಕೇ ಚುಚ್ಚುತ್ತಿದ್ದರು. ಒಳ್ಳೆಯ ಕಾಳು ಮೇಲೆ, ನುಚ್ಚು ಕೆಳಗೆ ಎಂಬುದು ಅವರ ಖಾತ್ರಿ. ಮಗಳಿಗೆ ಸಂಬಂಧ ಬಂದಾಗಲೂ ವರನ ಮನೆಗೆ ಹೋಗದೆ, ಆ ಮನೆಯ ಬಟ್ಟೆ ಇಸ್ತ್ರಿ ಮಾಡುವವನನ್ನು ವಿಚಾರಿಸಿದ್ದರು.

ಹಾಗಾಗಿ, ತೋಳ ಉಳಿಸುವ ಸಂಸ್ಥೆಯ ಐಶ್ವರ್ಯ ದೇಣಿಗೆ ಕೇಳಲು ಬಂದು ಬಣ್ಣಬಣ್ಣದ ಫೋಟೊ ಹರಡಿದಾಗ ಅವರು ಕಣ್ಣೆತ್ತಿಯೂ ನೋಡಲಿಲ್ಲ.

"ತೋಳ ಇರ್ಲಿ ತಂಗಿ. ಅದು ಯಾರ ಕುರಿ ತಿಂದೈತಿ, ಅವನ ಹೆಸರು ಹೇಳು."

ಅವಳು ಹೇಳಿದ ಹೆಸರು ಹಿಡಿದು ಮರುದಿನವೇ ಯಾರಿಗೂ ಹೇಳದೆ ಬಸ್ ಹತ್ತಿ ಅಳವಂಡಿ ಕಡೆಗೆ ಹೋದರು. ಕುರಿಗಾರ ಗಾದಿಲಿಂಗಪ್ಪ ಸಂಸ್ಥೆಯ ಹೆಸರು ಕೇಳುತ್ತಲೇ ಸಿಡಿದೆದ್ದ.

"ಅವರ ಕಾಟ ಭಾಳ ಆಗೈತ್ರಿ! ಕುರಿ ಸತ್ತು ನಾನು ಅತ್ತು ಮುಗಿಸೋದ್ರಾಗ ಪರಿಹಾರ ತಂದು ಕೊಟ್ರು. ತೋಳವನ್ನ ಬೈಯಾಕೂ ಪುರಸೊತ್ತು ಕೊಡ್ಲಿಲ್ಲ! ಬೇಲಿ ಹಾಕಿ ಕೊಟ್ರು, ಈಗ ವಾರಾ ವಾರಾ ಅದನ್ನ ನೋಡಾಕ ಬರ್ತಾರ. ಮನಿಯಾಗ ಚಾಪುಡಿ ಉಳಿದಿಲ್ರಿ!"

"ಫೋಟೊ ಹೊಡಕೊಳ್ಳಾಕ ಬರ್ತಾರೇನು?"

"ಎಲ್ಲೀದ್ರಿ! ಹೋದ ಸರ್ತಿ ಹೊಸ ಅಂಗಿ ಹಾಕ್ಕೊಂಡು ನಿಂತಿದ್ದೆ. ಒಂದೂ ಹೊಡೀಲಿಲ್ಲ."

ಸಂಜೆ ದೇವೇಂದ್ರಪ್ಪನವರು ಐಶ್ವರ್ಯಳನ್ನು ಕರೆಸಿ ಚೆಕ್ ಕೊಟ್ಟರು.

"ನಮ್ಮ ವರದಿ ಓದಿದ್ರೇನ್ರಿ ಯಜಮಾನ್ರ?" ಎಂದು ಅವಳು ಹಿಗ್ಗಿನಿಂದ ಕೇಳಿದಳು.

"ಇಲ್ಲ, ಬೈಗುಳ ಕೇಳಿದೆ" ಎಂದವರೇ ಎರಡು ಕಿಲೋ ಚಹಾಪುಡಿಯ ಪೊಟ್ಟಣವನ್ನೂ ಅವಳ ಕೈಗಿಟ್ಟರು. "ಇದು ಗಾದಿಲಿಂಗಪ್ಪಗ. ಇನ್ಮ್ಯಾಲೆ ಅವನ ಮನಿಗೆ ಕೈ ಬೀಸಿಕೊಂಡು ಹೋಗಬ್ಯಾಡ್ರಿ."