ಮಗನ ಕಿವಿಗಿಟ್ಟ ಹತ್ತಿ

ಮಗನ ಕಿವಿಗೆ ಹತ್ತಿ ತುರುಕಿ, ಅವನನ್ನು ಆಟಿಸಂ ಇಲ್ಲದ ಮಕ್ಕಳ ಸಾಲಿನಲ್ಲಿ ಕೂರಿಸಿದವಳು ನಾನು. ಗೊತ್ತಿದ್ದೇ ಮಾಡಿದೆ. ಪಾಪ, ಆ ಕಾಲದಲ್ಲಿ ಯಾರಿಗೆ ಏನು ಗೊತ್ತಿತ್ತು ಎಂದು ಸಮಾಧಾನ ಹೇಳಲು ಬರುವವರು ದಯವಿಟ್ಟು ಅಲ್ಲೇ ನಿಲ್ಲಿ — ಗೊತ್ತಿಲ್ಲದವಳು ಹತ್ತಿ ಹುಡುಕುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ದೊಡ್ಡಗಾಜನೂರಿನ ಬಾಲವಾಡಿಯಲ್ಲಿ ನಾನು ಟೀಚರು. ಕೊಯಮತ್ತೂರಿನ ಕಡೆಯಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ದಿಂಬಂ ಘಾಟಿ ಏರಿ ಜೀಪಿನಲ್ಲಿ ಬಂದಳು. ಸದ್ದು, ಬೆಳಕು, ಸ್ಪರ್ಶ — ಇವನ್ನು ಆಟಿಸಂ ಇರುವ ಮಕ್ಕಳು ಹೇಗೆ ತಾಳಿಕೊಳ್ಳುತ್ತಾರೆ, ಇಲ್ಲದ ಮಕ್ಕಳು ಹೇಗೆ ಎಂದು ಹೋಲಿಸಿ ನೋಡುವುದು ಅವಳ ಕೆಲಸ. ಇರುವ ಮಕ್ಕಳು ಪಟ್ಟಣದಲ್ಲಿ ಸಿಕ್ಕಿದ್ದರು. ಇಲ್ಲದವರು ನಮ್ಮಲ್ಲಿ ಬೇಕಿತ್ತು. ಮಕ್ಕಳನ್ನು ಕೂಡಿಸಿಕೊಡಿ ಎಂದಳು. ಯಾವ ಮಗುವಿಗಾದರೂ ಸದ್ದು ತಡೆಯಲಾಗದಿದ್ದರೆ ಮೊದಲೇ ಹೇಳಿ, ಅಂಥವರನ್ನು ಬೇರೆಯಾಗಿ ನೋಡಿ ದಾರಿ ಹೇಳುತ್ತೇನೆ ಎಂದೂ ಅಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ತಿರುಗಿ ಮಾದೇಶನನ್ನು ನೋಡಿದೆ.

ಮಾದೇಶ ನನ್ನ ಒಬ್ಬನೇ ಮಗ, ಆಗಷ್ಟೇ ಐದು ತುಂಬಿತ್ತು. ಮಿಕ್ಸಿ ತಿರುಗಿದರೆ, ತಮಟೆ ಬಡಿದರೆ, ಆನೆ ಓಡಿಸಲು ಹೊಲದಲ್ಲಿ ಪಟಾಕಿ ಸಿಡಿಸಿದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವನು. ಹೊಸಬರು ಹೆಸರು ಕೇಳಿದರೆ ತುಟಿ ಬಿಚ್ಚುವವನಲ್ಲ. ಊರಲ್ಲಿ ಗುಸುಗುಸು ಶುರುವಾಗಿತ್ತು. ನಮ್ಮದು ಹೊಲಮನೆ ಇರುವ, ದಿನವೂ ಶಿವಪೂಜೆ ನಡೆಯುವ ಮನೆ; ಇಂಥ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ತಪ್ಪೆಲ್ಲ ಸೊಸೆಯದು. ನನಗೆ ಓದಿದವಳೊಬ್ಬಳ ಬಾಯಿಂದ ಹುಡುಗ ಸರಿಯಾಗಿದ್ದಾನೆ ಎಂಬ ಮಾತು ಬೇಕಿತ್ತು. ಅದಕ್ಕಾಗಿ ಏನು ಮಾಡಲೂ ಸಿದ್ಧಳಾಗಿದ್ದೆ.

ಮಾರನೆಯ ಬೆಳಿಗ್ಗೆ ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಅವನ ಕಿವಿಗಳಿಗೆ ಒತ್ತಿ, ಮೇಲೆ ಕುಲಾವಿ ಕಟ್ಟಿದೆ. ಬೆಟ್ಟದ ಚಳಿಯಲ್ಲಿ ಕುಲಾವಿ ಹಾಕಿದ ಮಗುವನ್ನು ಯಾರು ಅನುಮಾನಿಸುತ್ತಾರೆ? ಆಶ್ಚರ್ಯವೆಂದರೆ — ತಲೆ ಬಾಚಲೂ ಬಿಡದ ಹುಡುಗ — ಸುಮ್ಮನೆ ಕೂತ.

ಆ ಹುಡುಗಿ ಟೇಪ್‌ರೆಕಾರ್ಡರಿನಲ್ಲಿ ಗಂಟೆ, ಮಿಕ್ಸಿ, ತಮಟೆಯ ಸದ್ದುಗಳನ್ನು ಒಂದಾದ ಮೇಲೊಂದು ಹಾಕಿದಳು. ಮಕ್ಕಳು ತಿರುಗಿ ನೋಡಿದರು, ನಕ್ಕರು, ತಮಟೆಗೆ ಒಬ್ಬ ಕುಣಿದೂಬಿಟ್ಟ. ಮಾದೇಶ ತಲೆ ಎತ್ತಿದ, ಅಷ್ಟೆ. ಅವಳು ಬಗ್ಗಿ, ಕಿವಿಯ ಹತ್ತಿರವೇ ಹೆಸರೇನು ಎಂದು ಕೇಳಿದಳು. ಮಾದೇಶ ಎಂದ! ಹೊಸಬರೆದುರು ಅವನು ಹೆಸರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮನೆಯಲ್ಲಿ ಸದ್ದಿಗೆ ಹೆದರುತ್ತಾನೆಯೇ ಎಂದು ಅವಳು ನನ್ನನ್ನು ಕೇಳಿದಳು.

"ಇಲ್ಲ ಮೇಡಂ. ಅವ್ನಿಗೆ ಏನೂ ತೊಂದ್ರೆ ಇಲ್ಲ."

"ನಲ್ಲ ಪೈಯನ್," ಒಳ್ಳೆ ಹುಡುಗ ಎಂದು ತಮಿಳಿನಲ್ಲೇ ಮೆಚ್ಚಿ ಬರೆದುಕೊಂಡಳು.

ಅವಳ ಸಂಶೋಧನೆ ಕೆಡಿಸಿದ್ದು ತಪ್ಪೇ. ಅವಳು ಎದುರು ಸಿಕ್ಕರೆ ಮುಖ ನೋಡಿ ಒಪ್ಪಿಕೊಳ್ಳುತ್ತೇನೆ. ಆದರೆ ನನ್ನನ್ನು ತಿನ್ನುತ್ತಿರುವುದು ಅದಲ್ಲ — ಜೀಪು ಹೋದ ಮೇಲೆ ನಡೆದದ್ದು.

ಮನೆಗೆ ಬಂದು ಕುಲಾವಿ ಬಿಚ್ಚಿ ಹತ್ತಿ ತೆಗೆದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ನನ್ನ ಅಂಗೈಯನ್ನು ಎಳೆದು ತನ್ನ ಕಿವಿಯ ಮೇಲೆ ಒತ್ತಿಕೊಂಡ. ಅಂದು ಬೆಳಗಿನಿಂದ ಅವನು ಅತ್ತಿರಲಿಲ್ಲ, ಅಡಗಿರಲಿಲ್ಲ. ಮತ್ತೆ ಇಡು ಎನ್ನುತ್ತಿದ್ದಾನೆ — ನನಗೆ ಆ ಕ್ಷಣವೇ ಅರ್ಥವಾಯಿತು. ಊರನ್ನು ಮೋಸಗೊಳಿಸಲು ಹುಡುಕಿದ್ದೇ ಅವನಿಗೆ ಬೇಕಾದ ಔಷಧಿಯಾಗಿತ್ತು. ಆದರೆ ಹೊರಗೆ ಜಗಲಿಯಲ್ಲಿ ಅತ್ತೆ, ಅಕ್ಕಪಕ್ಕದವರು ಕೂತಿದ್ದರು. ದಿನಾ ಹತ್ತಿ ಯಾಕೆ ಎಂದು ಯಾರಾದರೂ ಕೇಳಿದರೆ... ನಾನು ಕೈ ಬಿಡಿಸಿಕೊಂಡು ಹತ್ತಿಯನ್ನು ಒಲೆಗೆ ಹಾಕಿದೆ.

ಆಮೇಲೆ ಶಾಲೆ. ಓದಿದವರೇ ಸರಿಯಾಗಿದ್ದಾನೆ ಎಂದ ಮೇಲೆ ಕಿವಿ ಮುಚ್ಚಿಕೊಳ್ಳುವುದು ಕೊಬ್ಬಲ್ಲದೆ ಇನ್ನೇನು? ಬೆಲ್ಲು ಹೊಡೆದಾಗೆಲ್ಲ ಕೈ ಇಳಿಸೋ ಎಂದು ಬೆರಳ ಗಿಣ್ಣಿನ ಮೇಲೆ ಬೆತ್ತದ ಏಟು. ಒಮ್ಮೆ ಮೇಷ್ಟ್ರಿಗೇ ಮನಸ್ಸು ತಡೆಯದೆ ನನ್ನನ್ನು ಕರೆಸಿ, ಹುಡುಗನಿಗೆ ಏನಾದರೂ ತೊಂದರೆ ಇದೆಯೇನಮ್ಮ ಎಂದು ಕೇಳಿದರು. ಬರೀ ಹಟ ಸಾರ್, ಎರಡು ಬಿಡಿ ಎಂದೆ. ಈ ಬಾಯಿಂದಲೇ ಎಂದೆ. ಐದನೇ ಕ್ಲಾಸು ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ.

ಕಳೆದ ತಿಂಗಳು ತಿಗನಾರೆಯಿಂದ ನೆಂಟರು ಬಂದಿದ್ದರು. ಮಾದೇಶ ಯಾಕೆ ಯಾರ ಜೊತೆಗೂ ಬೆರೆಯುವುದಿಲ್ಲ ಎಂಬ ಮಾತು ಬಂತು. ಅತ್ತೆ ತಮ್ಮ ಹಳೆಯ ಪಾಠ ತೆಗೆದರು. "ಆ ಮೇಡಮ್ಮನೇ ಏಳವ್ಳೆ ಕಣವ್ವ, ನನ್ ಮೊಮ್ಮಗನ್ಗೆ ಏನೂ ಇಲ್ಲ ಅಂತ. ಎಲ್ಲಾ ಮೊಂಡಾಟ."

ನಾನು ಕಾಫಿ ಲೋಟ ಕೆಳಗಿಟ್ಟು ನಡುಮನೆಯಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಹತ್ತಿ, ಕುಲಾವಿ, ಸುಳ್ಳು, ಒಲೆ — ಒಂದನ್ನೂ ಬಿಡಲಿಲ್ಲ.

"ಮನೆ ಮಾನ ಕಳದ್ಬುಟ್ಟಲ್ಲವ್ವ," ಎಂದರು ಅತ್ತೆ.

"ಓಗ್ಲಿ ಬುಡಿ ಅತ್ತೆ. ಆ ಮಾನ ಉಳ್ಸಕ್ಕೇ ನನ್ ಮಗ ಅಷ್ಟು ಏಟು ತಿಂದಿದ್ದು."

ಅಂದಿನಿಂದ ಮನೆಯಲ್ಲಿ ನನ್ನೊಡನೆ ಮಾತಿಲ್ಲ. ಇರಲಿ. ನನ್ನ ಮಗನಿಗೆ ಆಟಿಸಂ ಇದೆ; ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆದರೆ ಇದನ್ನು ಧೈರ್ಯ ಎನ್ನಬೇಡಿ. ಈ ಧೈರ್ಯ ಬೇಕಿದ್ದದ್ದು ಐದು ವರ್ಷದ ಮಗುವಿಗೆ.

ಮಾದೇಶ ಈಗ ಗಡ್ಡ ಮೂಡಿದ ಗಂಡಸು. ತಲೆಗೂ ಕಿವಿಗೂ ಟವೆಲ್ಲು ಬಿಗಿದು ಸುತ್ತಿಕೊಂಡು ದನ ಹೊಡೆದುಕೊಂಡು ಹೋಗುತ್ತಾನೆ. ಆ ಉಪಾಯವನ್ನು ಅವನೇ ಕಂಡುಕೊಂಡ, ಯಾರೂ ಹೇಳಿಕೊಡಲಿಲ್ಲ. ನೆಂಟರು ಹೋದ ಸಂಜೆ ಟವೆಲ್ಲು ಸಡಿಲವಾಗಿದೆಯೆಂದು ಸರಿಮಾಡಲು ಕೈ ಚಾಚಿದೆ. ಅವನು ತಟ್ಟನೆ ತಲೆ ಹಿಂದಕ್ಕೆಳೆದುಕೊಂಡ. ನನ್ನನ್ನು ನಂಬು ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಕೈ ಕೆಳಗಿಳಿಸಿದೆ.