ಅವನ ಪಾಲಿನ ಓಟ

ಮೈದಾನದಲ್ಲಿ ಅವನನ್ನು ಎಲ್ಲರೂ ಗೂಬೆ ಎಂದೇ ಕರೆಯುತ್ತಿದ್ದರು. ಬೈಗುಳವಲ್ಲ, ಬಿರುದು. ಚೆಂಡು ಕಾಲಿಗೆ ಬರುವ ಮೊದಲೇ ಕತ್ತನ್ನು ಆಚೆ ಈಚೆ ಹೊರಳಿಸಿ, ಬೆನ್ನ ಹಿಂದೆ ಯಾರಿದ್ದಾರೆ, ಮುಂದೆ ಎಲ್ಲಿ ಜಾಗ ಖಾಲಿ ಬಿದ್ದಿದೆ ಎಂದು ನೋಡಿಟ್ಟುಕೊಳ್ಳುವುದು ಅವನ ಅಭ್ಯಾಸ. ಅವನ ಅಮ್ಮನಿಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. “ಹೆತ್ತವಳು ಚೆಂದದ ಹೆಸರಿಟ್ಟಿದ್ದೀನಿ, ಅದಕ್ಕೇನು ರೋಗ ಬಂದಿದೆ?” ಎಂದು ಮನೆಗೆ ಬಂದ ಆಟಗಾರರನ್ನೆಲ್ಲ ಗದರಿಸಿ, ಆಮೇಲೆ ಅವರಿಗೇ ಊಟ ಬಡಿಸುತ್ತಿದ್ದಳು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡಿಪೋದ ಹಿಂದಿನ ಗೋಡೆಯೇ ಮಗನ ಮೊದಲ ಜೊತೆಗಾರ. ಎಷ್ಟು ಒದ್ದರೂ ಬೇಸರಿಸದೆ ಚೆಂಡನ್ನು ವಾಪಸು ಕೊಡುತ್ತಿತ್ತು. ಮೀಸೆ ಚಿಗುರುವ ಹೊತ್ತಿಗೆ ಊರಿನ ಫುಟ್‌ಬಾಲ್ ಕ್ಲಬ್ಬು ಅವನನ್ನು ಸೇರಿಸಿಕೊಂಡಿತು, ನಡು ಮೈದಾನದಲ್ಲಿ ನಿಲ್ಲಿಸಿತು. ಗೋಲು ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಗೋಲು ತಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ನಡುವೆ ನಿಂತು ಇವರಿಂದ ಇಸಿದುಕೊಂಡು ಅವರಿಗೆ ದಾಟಿಸುವವನನ್ನು ಕೇಳುವವರೇ ಇಲ್ಲ. ಇದು ಶುದ್ಧ ಅನ್ಯಾಯ. ಗೂಬೆಗೆ ಮಾತ್ರ ಅದರ ಕೊರಗು ಇರಲಿಲ್ಲ. ಆಡಲು ಬಿಟ್ಟರೆ ಸಾಕಿತ್ತು ಅವನಿಗೆ.

ಹೀಗೆ ವರ್ಷಗಳು ಉರುಳಿದವು. ಮೂವತ್ತು ದಾಟಿದ ಮೇಲೆ ಬಲ ಮಂಡಿ ಕೈಕೊಟ್ಟಿತು. ಆಪರೇಷನ್ ಮಾಡಿಸಿಕೊಂಡು, ಹೆಂಡತಿಯ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕಾಲು ಚಾಚಿಕೊಂಡು ಕುಳಿತು, ಹಠ ಹಿಡಿದು ಮತ್ತೆ ಮೈದಾನಕ್ಕಿಳಿದ. ಅಷ್ಟರಲ್ಲೇ ಕ್ಲಬ್ಬಿನ ಮ್ಯಾನೇಜರು ಹೇಳದೆ ಕೇಳದೆ ಬೇರೆ ಕಡೆ ಹೊರಟುಹೋದರು. “ಸದ್ಯಕ್ಕೆ ಮ್ಯಾನೇಜರ್ ಕೆಲಸಾನೂ ನೀನೇ ನೋಡ್ಕೊಳಪ್ಪ” ಎಂದರು ಕ್ಲಬ್ಬಿನ ಅಧ್ಯಕ್ಷರು. ಅಲ್ಲಿಗೆ ಪರೀಕ್ಷೆ ಬರೆಯುವವನೂ ಅವನೇ, ಅಂಕ ಹಾಕುವವನೂ ಅವನೇ ಆದ. ಆಡುವ ಹನ್ನೊಂದು ಜನರ ಹೆಸರನ್ನು ಪ್ರತಿವಾರ ಅವನೇ ಹೇಳುತ್ತಿದ್ದ, ಅದರಲ್ಲಿ ತನ್ನ ಹೆಸರನ್ನೂ ಹೇಳುತ್ತಿದ್ದ. ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ತಂಡ ಮಾತ್ರ ಸೋಲುತ್ತಾ ಹೋಯಿತು. ಇನ್ನು ಎರಡು ಪಂದ್ಯ ಉಳಿದಿದ್ದಾಗ ಲೀಗಿನ ಅಂಕಪಟ್ಟಿಯ ತಳಕ್ಕೆ ಬಂದು ನಿಂತಿತ್ತು. ಕೆಳಗಿನ ದರ್ಜೆಗೆ ಬಿದ್ದರೆ ಅರ್ಧ ತಂಡ ಮನೆಗೆ ಹೋಗಬೇಕು. ಗೂಬೆ ಎಲ್ಲರ ಆಟವನ್ನೂ ಸೋಸಿ ನೋಡಿದ, ಎಲ್ಲರಿಗೂ ಬುದ್ಧಿ ಹೇಳಿದ. ಬಲಗಡೆ ಆಡುವವನಿಗೆ ಎಲ್ಲರಿಗಿಂತ ಹೆಚ್ಚು ಬೈಗುಳ. ಇಬ್ಬರು ಮಕ್ಕಳ ತಂದೆಯಾದರೂ ದಣಿವೆಂದರೆ ಏನೆಂದು ಅರಿಯದೆ ಓಡುತ್ತಿದ್ದ ಅವನಿಗೆ ಎಂಜಿನ್ ಎಂದು ಹೆಸರು. ಅಂಥವನು ಈಗ ಅರ್ಧ ಪಂದ್ಯಕ್ಕೇ ಏದುಸಿರು ಬಿಡುತ್ತಿದ್ದ.

ಕೊನೆಯ ಪಂದ್ಯಕ್ಕೆ ಮುಂಚಿನ ಪಂದ್ಯದಲ್ಲಿ ಗೂಬೆ ಆಡುವಂತಿರಲಿಲ್ಲ. ಹಳದಿ ಕಾರ್ಡುಗಳು ಹೆಚ್ಚಾಗಿ ಒಂದು ಪಂದ್ಯದ ನಿಷೇಧ ಬಿದ್ದಿತ್ತು. ಪ್ರೇಕ್ಷಕರ ನಡುವೆ, ಹೆಂಡತಿಯ ಪಕ್ಕದಲ್ಲಿ ಸಿಮೆಂಟು ಮೆಟ್ಟಿಲ ಮೇಲೆ ಮುಖ ಸಿಂಡರಿಸಿಕೊಂಡು ಕುಳಿತ. ಎದುರಾಳಿಗಳು ಚೆಂಡು ಕಸಿದುಕೊಂಡ ಕೂಡಲೇ ಎಂಜಿನ್ ತನ್ನ ಜಾಗ ಬಿಟ್ಟು ನಡು ಮೈದಾನಕ್ಕೆ ಓಡಿಬಂದ. ಅಲ್ಲಿ ಗೂಬೆಯ ಬದಲಿಗೆ ಇಳಿದವನು ಆಗಲೇ ಬಂದು ನಿಂತಿದ್ದ. ಎಂಜಿನ್ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನೋಡಿ, ತಿರುಗಿ ತನ್ನ ಜಾಗಕ್ಕೆ ಹೋದ. ಮತ್ತೆ ಹಾಗೇ ಬಂದ, ಮತ್ತೆ ಹೋದ. ಆಮೇಲೆ ಬರುವುದನ್ನೇ ಬಿಟ್ಟ. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇರಲಿಲ್ಲ. ತಂಡ ಗೆದ್ದಿತು.

ಹೆಂಡತಿ ಚಪ್ಪಾಳೆ ತಟ್ಟುತ್ತಾ ಗಂಡನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿದಳು.

ಉಳಿದವರೆಲ್ಲ ಸ್ನಾನಕ್ಕೆ ಹೋದ ಮೇಲೆ ಗೂಬೆ ಗೋಲ್‌ಕೀಪರನ ಪಕ್ಕ ಹೋಗಿ ಕುಳಿತ. ಇಬ್ಬರೂ ಒಂದೇ ವರ್ಷ ಕ್ಲಬ್ಬು ಸೇರಿದವರು.

“ಎಷ್ಟು ದಿನದಿಂದ ಕಣೋ, ಅವನು ನನ್ನ ಪಾಲಿನ ಓಟಾನೂ ಓಡ್ತಿರೋದು?”

ಗೋಲ್‌ಕೀಪರ್ ಕೈಗವಸು ಬಿಚ್ಚುತ್ತಾ ತಲೆ ತಗ್ಗಿಸಿದ. “ನಿನ್ನ ಮಂಡಿ ಆಪರೇಷನ್ ಆದಾಗಿಂದ. ನಾನು ಹೇಳ್ತೀನಿ ಅಂದೆ. ಅವನೇ ಬೇಡ ಅಂತ ಆಣೆ ಹಾಕಿಸ್ಕೊಂಡ.”

“ನಾನು ಅವನನ್ನೇ ಬೈತಿದ್ನಲ್ಲೋ!”

“ಹೂಂ. ಬೈಸ್ಕೊಂಡ.”

ಮೈದಾನದ ಮೂಲೆ ಮೂಲೆಯನ್ನೂ ನೋಡಬಲ್ಲೆನೆಂದು ಬೀಗುತ್ತಿದ್ದವನಿಗೆ ಪಕ್ಕದಲ್ಲೇ ಓಡುತ್ತಿದ್ದವನು ಕಂಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಆಟ ಬಿಟ್ಟರೆ ತಾನು ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ.

ಆ ವಾರವೆಲ್ಲ ಅವನು ಮನೆಯಲ್ಲಿ ಇದ್ದೂ ಇಲ್ಲದವನಂತಿದ್ದ. ಕೊನೆಗೆ ಹೊಲಿಗೆ ಯಂತ್ರದ ಸದ್ದಿನ ನಡುವೆ ಬಾಯಿಬಿಟ್ಟ. “ಕೊನೇ ಮ್ಯಾಚು. ನಮ್ಮ ಮೈದಾನದಲ್ಲೇ ಇದೆ. ಇದೊಂದು ಆಡಿಬಿಡ್ಲಾ?”

ಹೆಂಡತಿ ಯಂತ್ರ ನಿಲ್ಲಿಸಿದಳು. “ಹೆಂಡ್ತೀನ ಕೇಳ್ತಿದ್ದೀರಾ? ಹಾಗಾದ್ರೆ ಆಡಿ. ಕಣ್ತುಂಬ ನೋಡ್ತೀನಿ. ಆದ್ರೆ ರೀ, ಇದನ್ನ ಕೇಳಬೇಕಾದ್ದು ಮ್ಯಾನೇಜರ್‌ನ ಅಲ್ವಾ?”

ಅವಳು ಮತ್ತೆ ಯಂತ್ರ ತುಳಿಯತೊಡಗಿದಳು.

ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತು ಒಂದೊಂದೇ ಹೆಸರು ಹೇಳಿದ. ಹನ್ನೊಂದು ಮುಗಿದವು. ಅವನ ಹೆಸರು ಬರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಎಂಜಿನ್ ಬೂಟಿನ ದಾರ ಅರ್ಧಕ್ಕೇ ಬಿಟ್ಟು ಎದ್ದ.

“ಅಣ್ಣಾ, ನೀವೂ ಬನ್ನಿ. ನಾನು ಓಡ್ತೀನಿ.”

“ಗೊತ್ತು ಕಣೋ” ಎಂದ ಗೂಬೆ. “ಅದಕ್ಕೇ ಬರಲ್ಲ.”

ಪಂದ್ಯದುದ್ದಕ್ಕೂ ಅವನು ಗೆರೆಯ ಆಚೆ ನಿಂತೇ ಇದ್ದ. ಚೆಂಡು ನಡು ಮೈದಾನಕ್ಕೆ ಬಂದಾಗಲೆಲ್ಲ ಕಾಲು ತುಡಿಯುತ್ತಿತ್ತು. ಪಂದ್ಯ ಸಮವಾಯಿತು. ಅಷ್ಟು ಸಾಕಿತ್ತು, ತಂಡ ಅದೇ ದರ್ಜೆಯಲ್ಲಿ ಉಳಿಯಿತು. ಜನ ಮೈದಾನಕ್ಕೆ ನುಗ್ಗಿದರು. ಅವರನ್ನೆಲ್ಲ ಸರಿಸಿಕೊಂಡು ಎಂಜಿನ್ ಓಡಿಬಂದು ಅವನನ್ನು ತಬ್ಬಿಕೊಂಡ.

“ಅಣ್ಣಾ, ಇವತ್ತು ಸುಸ್ತೇ ಆಗ್ಲಿಲ್ಲ!” ಎಂದವನು ಏನು ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ಗೂಬೆ ಅವನ ಬೆನ್ನು ತಟ್ಟಿ ಜೋರಾಗಿ ನಕ್ಕ. ನಗುನಗುತ್ತಲೇ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.