ಲೋಬಾನ ಹಾಕಿದ ಕೋಣೆಯಿಂದ ಐನಾಪುರಕ್ಕೆ

ಬೆಳಗಿನ ಪ್ಯಾಸೆಂಜರ್ ರೈಲು ಕಲಬುರಗಿ ಬಿಟ್ಟಾಗ ನನ್ನ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಬಾಯಲ್ಲಿ ಜಗಳಕ್ಕೆ ಬೇಕಾದಷ್ಟು ಮಾತುಗಳಿದ್ದವು. ಅಕ್ಕನ ಮಗಳು ಸುನಂದಾ ಮೂರು ತಿಂಗಳ ಬಸಿರು ಕಳೆದುಕೊಂಡು ಐನಾಪುರದ ತವರಿಗೆ ಬಂದು ಕೂತಿದ್ದಳು. ಹೇಳಿದರೂ ಕೇಳದೆ ಪಪ್ಪಾಯಿ ತಿಂದಳು, ಅದಕ್ಕೇ ಹೀಗಾಯಿತು ಎಂದು ಅವಳ ಅತ್ತೆ ಊರೆಲ್ಲ ಹೇಳಿ ಕಳಿಸಿದ್ದರು. ಮೊದಲು ಶಹಾಬಾದಿನಲ್ಲಿ ಆ ಬೀಗತಿಯನ್ನು ಕಂಡು, ಆಮೇಲೆ ಐನಾಪುರಕ್ಕೆ ಹೋಗಿ, ಹುಡುಗಿಯನ್ನು ಗಂಡನ ಮನೆ ಸೇರಿಸಬೇಕೆಂದು ಹೊರಟಿದ್ದೆ.

ಶಹಾಬಾದು ಅರ್ಧ ತಾಸಿನ ಹಾದಿ. ಗೋಡೆಗೂ ಕಲ್ಲು, ನೆಲಕ್ಕೂ ಕಲ್ಲು, ಬೀಗತಿಯ ಮಾತೂ ಕಲ್ಲೇ ಎಂದುಕೊಂಡು ಒಳಗೆ ಹೋದರೆ ಅವರು ಚಹಾ, ಚುರಮುರಿ ಸುಸಲಾ ಕೊಟ್ಟು ಚೆನ್ನಾಗಿಯೇ ಮಾತಾಡಿಸಿದರು. ತಿಂದದ್ದು ತಪ್ಪಾಯಿತು ಎಂದು ಸುನಂದಾ ಒಪ್ಪಿಕೊಂಡರೆ ನಾಳೆಯೇ ಕರೆತರಬಹುದು ಎಂದರು. ಬಸಿರು ಇಳಿಯುವ ಮುಂಚೆ ಬೇರೇನಾದರೂ ಆಗಿತ್ತೇ ಎಂದು ಸುಮ್ಮನೆ ಕೇಳಿದೆ. ಅದೇ ವಾರ ಓಣಿಯಲ್ಲಿ ಗಲಾಟೆಯಾಗಿ ಪೊಲೀಸರು ಹಾರಿಸಿದ ಅಶ್ರುವಾಯುವಿನ ಶೆಲ್ಲೊಂದು ಅವರ ಬಾಗಿಲಲ್ಲೇ ಬಿದ್ದಿತ್ತಂತೆ. ಮನೆತುಂಬ ಹೊಗೆ.

"ಹೊಲಸು ವಾಸ್ನಿ ಹೋಗ್ಲಿ ಅಂತ ಬಾಗಲಾ, ಖಿಡ್ಕಿ ಎಲ್ಲಾ ಬಂದ್ ಮಾಡಿ, ಸೊಸೀನ ಒಳಗಿನ ಖೋಲ್ಯಾಗ ಕುಂದ್ರಿಸಿ ಲೋಬಾನ ಹಾಕ್ದೆ ನೋಡ್ರಿ. ಬಾಣಂತಿಗಿ ಹೊಗಿ ಹಾಕಂಗಿಲ್ಲೇನು? ಹಂಗೇ," ಎಂದರು.

ನಮ್ಮಲ್ಲಿ ಕೂಸಿಗೆ, ಬಾಣಂತಿಗೆ, ದೃಷ್ಟಿಗೆ ಎಲ್ಲದಕ್ಕೂ ಕೆಂಡದ ಮೇಲಿನ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆಯೇ ಮದ್ದು, ನನಗೂ ಹಾಕಿದ್ದರು. ಪಾಪ, ಪ್ರೀತಿಯಿಂದಲೇ ಮಾಡಿದ್ದರು. ಆದರೆ ಗ್ಯಾಸು ಆಗಲೇ ಒಳಗೆ ತುಂಬಿತ್ತು. ಬಸುರಿಯನ್ನು ಅದರ ಜೊತೆಗೇ ಕೂಡಿಹಾಕಿದ್ದರು. ಜಗಳಕ್ಕೆಂದು ತಂದ ಮಾತನ್ನು ಆಡದೆ ಸ್ಟೇಷನ್ನಿನ ದಾರಿ ಹಿಡಿದೆ.

ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಯ ರೈಲಿಗಾಗಿ ಬಹಳ ಹೊತ್ತು ಕಾಯಬೇಕಾಯಿತು. ಬಿಸಿಲು ಧಗಧಗ ಉರಿಯುತ್ತಿತ್ತು. ಮಿರ್ಚಿ ಭಜಿ ಕೊಂಡೆ. ಬೀಗತಿಯ ಪಕ್ಕದ ಮನೆಯ ಗಂಗಮ್ಮ ಚಿತ್ತಾಪುರದ ತಂಗಿಯ ಮನೆಗೆ ಹೊರಟವಳು ನನ್ನನ್ನು ಗುರುತು ಹಿಡಿದು ಬಳಿ ಬಂದಳು. ರೈಲು ಹತ್ತಿದ ಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು: "ಆ ಗ್ಯಾಸ್ ಬಿದ್ದಾಗಿಂದ ನಮ್ಮ ಓಣ್ಯಾಗ ಭಾಳ ಮಂದಿಗಿ ಮುಟ್ಟು ಏರುಪೇರು ಆಗ್ಯಾದ್ರಿ. ನಂದು ಒಮ್ಮಿ ಸುರು ಆದ್ರ ನಿಂದ್ರಂಗಿಲ್ಲ. ಗಂಡಸರ ಮುಂದ ಹ್ಯಾಂಗ ಹೇಳ್ಬೇಕು?"

ಒಂದಿಡೀ ಓಣಿಯ ಹೆಂಗಸರು ಒಬ್ಬರಿಗೊಬ್ಬರು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬರೆ ಮಾತ್ರ ನಮ್ಮ ಸುನಂದಾಳಿಗೆ ಬಿದ್ದಿತ್ತು. ಚಿತ್ತಾಪುರದಲ್ಲಿ ಗಂಗಮ್ಮ ಇಳಿದಳು.

ಸೇಡಂನಲ್ಲಿ ಇಳಿದು ಪರಿಚಯದ ಡಾಕ್ಟರಮ್ಮನನ್ನು ಕಂಡೆ. ಬಸಿರು ಇಳಿಯಲು ಕಾರಣ ನೂರಿರುತ್ತವೆ, ಗ್ಯಾಸಿನಿಂದಲೇ ಆಯಿತೆಂದು ಹೇಳಲು ಬಾರದು, ಅಲ್ಲವೆನ್ನಲೂ ಬಾರದು ಎಂದರು. ಮುಟ್ಟು ಏರುಪೇರಾದ ದೂರನ್ನು ಬೇರೆ ಕಡೆಯ ಹೆಂಗಸರೂ ಹೇಳಿದ್ದಾರಂತೆ. ಆಳವಾಗಿ ನೋಡಿದವರು ಕಡಿಮೆಯಂತೆ. ಮುಚ್ಚಿದ ಕೋಣೆಯಲ್ಲಿ ಕೂಡಿಸದೆ ಕೂಡಲೇ ಬಯಲಿಗೆ ಕರೆತರಬೇಕಿತ್ತು ಎಂದದ್ದು ಮಾತ್ರ ಖಚಿತವಾಗಿ. ಪಪ್ಪಾಯಿಯ ಮಾತೆತ್ತಿದ್ದಕ್ಕೆ ಬೇಸರದಿಂದ ತಲೆಯನ್ನು ಅಡ್ಡಡ್ಡ ಆಡಿಸಿದರು.

ಚಿಂಚೋಳಿ ಬಸ್ಸಿನಲ್ಲಿ ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ಟು ಸಿಕ್ಕಿತು. ಎರಡೂ ಕಡೆ ತೊಗರಿ ಹೊಲ. ಚಿಂಚೋಳಿಯಿಂದ ಐನಾಪುರಕ್ಕೆ ಹೋಗುವ ಟಂಟಂ ಆಟೋದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಸಂಜೆಗೆ ಮುಟ್ಟಿದೆ. ಸುನಂದಾ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ, ನಾಳೆ ಆ ಓಣಿಯಲ್ಲೇ ನಿಂತು ಗ್ಯಾಸಿನ ಕಥೆಯನ್ನು ಎಲ್ಲರಿಗೂ ಹೇಳುತ್ತೇನೆ ಎಂದೆ. ಅವಳು ಮೇವು ಕೆಳಗಿಟ್ಟಳು.

"ಬ್ಯಾಡ ಚಿಗವ್ವ. ಆ ಖೋಲ್ಯಾಗ ನಾ ಒಬ್ಬಾಕಿನೇ ಇದ್ದಿಲ್ಲ. ನನ್ನ ನಾದಿನಿನೂ ಇದ್ಳು. ಅವತ್ತಿಂದ ಆಕಿ ಮುಟ್ಟೇ ಆಗಿಲ್ಲ. ತನ್ನ ಅವ್ವಗೂ ಹೇಳಿಲ್ಲ, ನನಗಷ್ಟೇ ಹೇಳ್ಯಾಳ. ಈಗ ಆಕಿ ಲಗ್ನ ಗೊತ್ತಾಗ್ಯಾದ. ಗ್ಯಾಸಿಂದ ಹಿಂಗಾತು ಅಂತ ನೀ ಸಾರಿದ್ರ ಆಕಿನ್ನ ಯಾರ್ ತೊಗೊಂತಾರ?"

ಅವಳನ್ನು ದವಾಖಾನೆಗಾದರೂ ತೋರಿಸಬೇಕಲ್ಲ ಎಂದೆ. ತಾನು ಆ ಮನೆ ಸೇರಿದರೆ ಮಾತ್ರ ನಾದಿನಿಯನ್ನು ಗುಟ್ಟಾಗಿ ಕರೆದೊಯ್ಯಲಾದೀತು ಎಂದಳು.

"ನಾ ಪಪ್ಪಾಯಿ ಬಾಯಿಗೇ ಹಚ್ಚಿಲ್ಲ. ಆದ್ರ ತಿಂದಾಳಂತ ಅತ್ತಿಗಿ ಹೇಳು."

ಮರುದಿನ ಅದೇ ದಾರಿಯಲ್ಲಿ ಮರಳಿದೆ. ವಾಡಿ ದಾಟುತ್ತಿದ್ದಂತೆ ಬೀಗತಿಯ ಫೋನು ಬಂತು. ಸೊಸೆ ತಪ್ಪು ಒಪ್ಪಿಕೊಂಡಳೇ ಎಂದು ಕೇಳಿದರು.

"ಹೌದ್ರಿ, ಒಪ್ಪಿಕೊಂಡ್ಳು," ಎಂದೆ.